ಕನ್ನಡಕ ಹುಡುಕುವ ಹೆಂಗಸು

ಆ ಮನೆಯಲ್ಲಿ ಬೆಳಗಿನ ಪೇಪರು ಓದುವ ಹಕ್ಕು ಅಜ್ಜಿಯದು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸಿದ ಹೆಂಗಸು ಅವಳು. ಊರಿನವರ ವಿಳಾಸಗಳನ್ನೆಲ್ಲ ಓದಿ ಓದಿ ಕಣ್ಣು ಸವೆದಿತ್ತು, ದನಿ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ. ಬ್ರೆಡ್ಡು ಬಿಸಿಯಾಗುವ ಹೊತ್ತಿಗೆ ಮೊದಲ ಪುಟ, ಮೊಟ್ಟೆ ಬೇಯುವ ಹೊತ್ತಿಗೆ ಎರಡನೆಯದು, ಅಪ್ಪ ಬಸ್ಸಿನ ಡಿಪೋಗೆ ಹೊರಡುವಷ್ಟರಲ್ಲಿ ಸಿನಿಮಾ ಜಾಹೀರಾತು, ಸತ್ತವರ ಫೋಟೋ ಸಮೇತ ಎಲ್ಲವನ್ನೂ ಪಕ್ಕದ ಮನೆಗೆ ಕೇಳುವ ಹಾಗೆ ಓದಿ ಮುಗಿಸುತ್ತಿದ್ದಳು.

"ಅಜ್ಜಿ, ಮನಸ್ಸಿನಲ್ಲೇ ಓದ್ಕೊಬಾರದಾ? ನಂಗೆ ಓದೋದಿದೆ" ಎಂದಳು ಮೊಮ್ಮಗಳು. ಕಾಲೇಜು ಸೇರಿದ ಮೇಲೆ ಅವಳಿಗೆ ಮನೆಯ ಎಲ್ಲರ ದನಿಯೂ ಜಾಸ್ತಿಯಾಗಿ ಕೇಳತೊಡಗಿತ್ತು.

"ಏನು ಓದೋದು? ತೋರಿಸು."

ಅವಳು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ ಪುಸ್ತಕ ತೋರಿಸಿದಳು. ಅಜ್ಜಿ ಎರಡು ಪುಟ ತಿರುವಿದಳು. ಮತ್ತೆ ರಟ್ಟು ನೋಡಿದಳು, ಮತ್ತೆ ಒಳಗೆ ನೋಡಿದಳು.

"ಇದರ ತುಂಬ ಗೊಂಬೆ ಇದೆಯಲ್ಲೇ!"

"ಗ್ರಾಫಿಕ್ ಕಾದಂಬರಿ ಅಂತಾರೆ. ಈ ವರ್ಷ ನಮಗೆ ಒಂದು ಪೇಪರ್ ಪೂರ್ತಿ ಇದೇ. ವಾರಕ್ಕೊಂದು ಕಾಮಿಕ್ಸ್ ಓದಿ, ನಮಗೇನು ಅನ್ನಿಸಿತು ಅಂತ ನೋಟ್‌ಬುಕ್ಕಲ್ಲಿ ಬರೀಬೇಕು."

"ಅಷ್ಟು ಫೀಸು ಕಟ್ಟಿ ಗೊಂಬೆ ನೋಡೋಕೆ ಹೋಗ್ತೀಯ? ನಿನಗೇನು ಅನ್ನಿಸಿತು ಅನ್ನೋದನ್ನ ಕಟ್ಟಿಕೊಂಡು ಕಾಲೇಜಿಗೇನಾಗಬೇಕಂತೆ?"

"ಬಿಡಮ್ಮ" ಎಂದ ಅಪ್ಪ, ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತ. "ನಮ್ಮ ಬಸ್ಸಿನ ಸೀಟಿನ ಹಿಂದೆ ಹುಡುಗರು ಬೇಕಾದಷ್ಟು ಬರೆದಿರ್ತಾರೆ, ಚಿತ್ರಾನೂ ಇರುತ್ತೆ. ಅದನ್ನೂ ಓದಿ ಬರೆದುಬಿಡು ಪಂಡಿತೆ, ಡಿಗ್ರಿ ಕೈಗೆ ಬಂತು ಅಂತಲೇ ಲೆಕ್ಕ."

ಮಗಳಿಗೆ ಅವನು ಇಟ್ಟ ಹೆಸರು ಪಂಡಿತೆ. ಅವಳು ಮುಖ ಊದಿಸಿಕೊಂಡಳು. ಅಮ್ಮ ಒಲೆಯ ಹತ್ತಿರ ನಿಂತು ನಗುತ್ತಿದ್ದಳು. ಅಜ್ಜಿ ಪುಸ್ತಕವನ್ನು ಅವಳ ಕಡೆ ಚಾಚಿ, "ನೀನೇ ನೋಡು, ನಿನ್ನ ಮಗಳ ವಿದ್ಯೆ" ಎಂದಳು. ಅಮ್ಮ ಕೈ ಒರೆಸಿಕೊಂಡು ಅಡುಗೆಮನೆಯ ಶೆಲ್ಫನ್ನು ತಡಕಾಡಿದಳು.

"ಕನ್ನಡಕ ಎಲ್ಲಿಟ್ಟೆನೋ ಏನೋ. ಆಮೇಲೆ ನೋಡ್ತೀನಿ."

ಅಮ್ಮನ ಕನ್ನಡಕಕ್ಕೆ ಕಪ್ಪು ಫ್ರೇಮಿತ್ತು, ಅದು ಡ್ರಾಯರಿನಲ್ಲೇ ಇರುತ್ತಿತ್ತು. ಔಷಧಿಯ ಚೀಟಿ, ಶಾಲೆಯ ಕಾಗದ, ಮದುವೆಯ ಕರೆಯೋಲೆ ಯಾವುದು ಬಂದರೂ ಕನ್ನಡಕ ಕಳೆದುಹೋಗುತ್ತಿತ್ತು. ಬೇರೆ ಯಾರಾದರೂ ಓದಿ ಹೇಳಿದ ಮೇಲೆ ಸಿಗುತ್ತಿತ್ತು. ಅದಕ್ಕೆ ನಂಬರಿತ್ತೋ ಬರೀ ಗಾಜೋ ಯಾರೂ ಪರೀಕ್ಷೆ ಮಾಡಿರಲಿಲ್ಲ. ಅಮ್ಮನಿಗೆ ಓದಲು ಬರುವುದಿಲ್ಲ ಎಂಬುದು ಅಪ್ಪನಿಗೆ ಗೊತ್ತು, ಅಜ್ಜಿಗೆ ಗೊತ್ತು, ಮಗಳಿಗೆ ತನ್ನ ಹತ್ತನೆಯ ವಯಸ್ಸಿನಿಂದ ಗೊತ್ತು. ಬಾಯಿಬಿಟ್ಟು ಹೇಳಿದವರಿಲ್ಲ. ಕನ್ನಡಕ ಕಳೆದರೆ ಎಲ್ಲರೂ ಸೇರಿ ಹುಡುಕುತ್ತಿದ್ದರು, ಅಷ್ಟೇ.

ಮೊದಲ ವಾರದ ಪುಸ್ತಕ ಒಬ್ಬ ಮೀನು ಮಾರುವವನ ಮಗಳ ಕಥೆ. ಮಗಳು ಅದನ್ನು ಬಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ಓದಿ ಮುಗಿಸಿದಳು. ಮಾತಿನ ಗುಳ್ಳೆಗಳು ಕಡಿಮೆ, ಓದೋಕೆ ಏನಿದೆ? "ಬಡತನದ ಮನೋಜ್ಞ ಚಿತ್ರಣ" ಎಂದು ಎರಡು ಪುಟ ಗೀಚಿ ಕೊಟ್ಟಳು. ಅಧ್ಯಾಪಕಿ ಸಣ್ಣ ಆಳು, ಮೂಗಿನ ಮೇಲೆ ಸೀಮೆಸುಣ್ಣದ ಪುಡಿ ಯಾವಾಗಲೂ ಇರುತ್ತಿತ್ತು. ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು.

"ನೀನು ಅಕ್ಷರ ಮಾತ್ರ ಓದಿದೀಯ. ಚಿತ್ರ ಓದೇ ಇಲ್ಲ. ಹೋಗಿ ಇನ್ನೊಂದು ಸಲ ಓದು."

ಇಡೀ ತರಗತಿಯ ಮುಂದೆ ಹೇಳಿದರು. ಅವಳು ಮನೆಗೆ ಬಂದವಳೇ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಅಮ್ಮ ಆಗಷ್ಟೇ ಲಾಂಡ್ರಿಯ ಕೆಲಸದಿಂದ ಬಂದು ಬಟಾಣಿ ಸುಲಿಯುತ್ತಿದ್ದಳು. ತೆರೆದುಕೊಂಡ ಪುಟದ ಕಡೆ ಕಣ್ಣು ಹಾಯಿಸಿದಳು. ಒಂದು ಪುಟ ತಿರುವಿದಳು. ಬಟಾಣಿ ಸುಲಿಯುವುದು ನಿಂತಿತು.

"ಅಯ್ಯೋ ಪಾಪ, ಈ ಹುಡುಗಿ ಅಪ್ಪನ ಜೊತೆ ಹೋಗುವಾಗ ಮಾತ್ರ ಕೋಟು ಬಿಚ್ಚಿಡ್ತಾಳಲ್ಲ."

"ಎಲ್ಲಿ?"

"ಇಲ್ಲಿ ನೋಡು. ಬಾಗಿಲ ಹಿಂದೆ ಕೋಟು. ಇಲ್ಲಿ ಮತ್ತೆ ಕೋಟು. ಮೀನಿನ ವಾಸನೆ ಹತ್ತಬಾರದು ಅಂತ. ಇವರಪ್ಪನಿಗೂ ಗೊತ್ತಿದೆ. ಅವನೇ ಕೋಟು ಎತ್ತಿಡೋಕೆ ಬಾಗಿಲ ಹಿಂದೆ ಮೊಳೆ ಹೊಡೆದಿದ್ದಾನೆ, ಮೊದಲ ಪುಟದಲ್ಲಿ ಮೊಳೆ ಇರಲಿಲ್ಲ."

ಮಗಳು ಪುಸ್ತಕವನ್ನು ಕಸಿದುಕೊಂಡು ನೋಡಿದಳು. ಮೊದಲ ಪುಟದ ಬಾಗಿಲಿಗೆ ಮೊಳೆ ಇರಲಿಲ್ಲ. ಹನ್ನೊಂದನೆಯ ಪುಟದಲ್ಲಿತ್ತು.

ಅವಳಿಗೆ ತನ್ನದೇ ಒಂದು ಮಾತು ನೆನಪಾಯಿತು. ಲಾಂಡ್ರಿಯ ಸೋಪಿನ ವಾಸನೆ ಬರುತ್ತದೆಂದು ಕಾಲೇಜಿನ ಗೇಟಿನ ತನಕ ಬರಬೇಡ ಎಂದು ಅಮ್ಮನಿಗೆ ಅವಳು ಹೇಳಿ ಇನ್ನೂ ವರ್ಷವಾಗಿರಲಿಲ್ಲ. ಅವಳಿಗೆ ನಿಜವಾಗಿ ಅನ್ನಿಸಿದ್ದು ಅದು. ಬರೆದದ್ದು ಮಾತ್ರ ಕೋಟು ಮತ್ತು ಮೊಳೆಯ ವಿಚಾರ, ಮೂರು ಪುಟ, ತಾನೇ ಕಂಡವಳ ಹಾಗೆ. ಅಧ್ಯಾಪಕಿ ಅದನ್ನು ತರಗತಿಗೆ ಓದಿ ಹೇಳಿದರು. "ಇದು ಕಣ್ಣು ಅಂದರೆ" ಎಂದರು.

ಆಮೇಲೆ ಅದು ರೂಢಿಯೇ ಆಯಿತು. ವಾರಕ್ಕೊಂದು ಪುಸ್ತಕ ಬರುತ್ತಿತ್ತು. ಅಮ್ಮ ಸಂಜೆ ಬಂದು ಕೈಕಾಲು ತೊಳೆದು, "ಇವತ್ತು ಯಾವುದು ತಂದೆ?" ಎಂದು ತಾನೇ ಕೇಳತೊಡಗಿದಳು. ಆಲೂಗಡ್ಡೆ ಬೇಯಲು ಇಟ್ಟು ಸ್ಟೂಲಿನ ಮೇಲೆ ಕೂತು ಪುಟ ತಿರುವುತ್ತಿದ್ದಳು. ಈ ಪುಸ್ತಕಗಳಿಗೆ ಕನ್ನಡಕ ಬೇಕಾಗುತ್ತಿರಲಿಲ್ಲ, ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಮಗಳು ಉಗುರು ಕತ್ತರಿಸಿಕೊಳ್ಳುತ್ತಲೋ ಜಡೆ ಹೆಣೆದುಕೊಳ್ಳುತ್ತಲೋ, "ಹೇಗಿದೆ?" ಎಂದು ಸುಮ್ಮನೆ ಕೇಳಿದ ಹಾಗೆ ಕೇಳುವಳು. ಕಿವಿ ಮಾತ್ರ ಅಲ್ಲೇ ಇರುತ್ತಿತ್ತು.

ಆಕಾಶದಲ್ಲಿ ಹಾರಾಡಿ ಊರನ್ನು ಕಾಯುವ ವೀರನ ಕಾಮಿಕ್ಸ್ ನೋಡಿ ಅಮ್ಮ, "ಕೆಸರಲ್ಲಿ ಬೀಳ್ತಾನೆ, ರಕ್ತ ಹರಿಸ್ಕೋತಾನೆ, ಮಾರನೇ ದಿನ ಬಿಳೀ ಅಂಗಿ ಬೆಳ್ಳಗೇ ಇರುತ್ತೆ. ಇವನ ಬಟ್ಟೆ ಯಾರೇ ಒಗೀತಾರೆ?" ಎಂದಳು. ಅಪ್ಪ ಬಿದ್ದು ಬಿದ್ದು ನಕ್ಕ. ಮಗಳು "ವೀರತ್ವದ ಹಿಂದಿನ ಅದೃಶ್ಯ ದುಡಿಮೆ" ಎಂದು ಬರೆದಳು. ಇನ್ನೊಂದು, ಒಂದೂ ಮಾತಿಲ್ಲದ ಪುಸ್ತಕ. ಅಕ್ಕತಂಗಿಯರು ಒಂದು ಚಿತ್ರದ ಚೌಕದಲ್ಲಿ ಊಟಕ್ಕೆ ಕೂತಿದ್ದಾರೆ, ಮುಂದಿನ ಚೌಕದಲ್ಲಿ ಒಂದೇ ತಟ್ಟೆ. ಅಮ್ಮ ಎರಡು ಚೌಕದ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟಳು. "ಏನೋ ನಡೆದದ್ದು ಇಲ್ಲಿ. ಬರೆದವನಿಗೆ ಬರೆಯೋಕೆ ಧೈರ್ಯ ಬಂದಿಲ್ಲ." ಮರುದಿನ ಅಧ್ಯಾಪಕಿ, ಚಿತ್ರಕಥೆಯ ಜೀವವೆಲ್ಲ ಚೌಕಗಳ ನಡುವಿನ ಖಾಲಿ ಜಾಗದಲ್ಲಿದೆ ಎಂದು ಪಾಠ ಶುರುಮಾಡುವ ಮುಂಚೆಯೇ ಮಗಳು ಕೈಯೆತ್ತಿ ಅದನ್ನು ಹೇಳಿದಳು. ಅಕ್ಕಪಕ್ಕದವರು ತಿರುಗಿ ನೋಡಿದರು. ಅವಳಿಗೆ ಅದು ಹಿತವಾಗಿತ್ತು. ಮನೆಗೆ ಬಂದಾಗ ಮಾತ್ರ ಅಮ್ಮನ ಮುಖ ನೋಡಲು ಒಂದು ಥರ ಆಗುತ್ತಿತ್ತು.

ಅಮ್ಮನ ಕಣ್ಣು ಪಳಗಿದ್ದು ಲಾಂಡ್ರಿಯಲ್ಲಿ. ದಿನಕ್ಕೆ ಮುನ್ನೂರು ಬಟ್ಟೆ ವಿಂಗಡಿಸುವವಳು. ಅಲ್ಲಿ ಹೆಸರು ಬರೆದರೆ ತೊಳೆತದಲ್ಲಿ ಅಳಿಸುತ್ತದೆ ಎಂದು ನೆಪ ಹೇಳಿ, ಅವಳೇ ಗುರುತುಗಳನ್ನು ಮಾಡಿದ್ದಳು: ಹಲ್ಲಿನ ಡಾಕ್ಟರಿಗೆ ಎರಡು ಚುಕ್ಕೆ, ಮೂಲೆ ಹೋಟೆಲಿಗೆ ತ್ರಿಕೋನ, ಜಗಳಗಂಟ ವಕೀಲನಿಗೆ ಕತ್ತರಿ. ಕೆಂಪು ಲಾಂಡ್ರಿ ಪೆನ್ನು ಸದಾ ಅವಳ ಏಪ್ರನ್ನಿನ ಜೇಬಿನಲ್ಲಿರುತ್ತಿತ್ತು. ಒಂದು ಸುತ್ತು, ಅದರ ನಡುವೆ ಅಡ್ಡಗೆರೆ ಇದ್ದರೆ ಆ ಬಟ್ಟೆ ತೊಳೆದಾಯಿತು, ಕಲೆ ಹೋಗಿಲ್ಲ ಎಂದರ್ಥ. "ಮೂರು ಸಲ ತಿಕ್ಕಿದ ಮೇಲೂ ಹೋಗದಿದ್ರೆ ಆ ಗುರುತು ಹಾಕಿ, ಇಸ್ತ್ರಿ ಮಾಡಿ, ಮಡಿಸಿ ಕೊಡ್ತೀವಿ. ತೊಟ್ಕೊಬಹುದು. ಆದರೆ ಗಿರಾಕಿಗೆ ಗೊತ್ತಿರಬೇಕು ನೋಡು" ಎಂದು ಮಗಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ಲಾಂಡ್ರಿಯ ಯಜಮಾನಿಗೆ ಇವತ್ತಿಗೂ ಅದೆಲ್ಲ ಅಮ್ಮನ ಜಾಣತನ ಮಾತ್ರ. ಕೌಂಟರಿನಲ್ಲಿ ಕೂತು ಬಿಲ್ಲು ಬರೆಯುವ ಕೆಲಸ ಕೊಡುತ್ತೇನೆಂದು ಎರಡು ಸಲ ಕರೆದಿದ್ದಳು. ಅಮ್ಮ ಎರಡು ಸಲವೂ ಕಣ್ಣಿನ ತೊಂದರೆ ಹೇಳಿ ತಪ್ಪಿಸಿಕೊಂಡಿದ್ದಳು.

ಎಂಟನೆಯ ವಾರ ಮುಗಿದ ಮೇಲೆ ಅಧ್ಯಾಪಕಿ ಕೊನೆಯ ಕೆಲಸ ಕೊಟ್ಟರು. "ಇಷ್ಟು ದಿನ ಬೇರೆಯವರ ಪುಸ್ತಕಕ್ಕೆ ಪ್ರತಿಕ್ರಿಯೆ ಬರೆದಿರಿ. ಈಗ ನಿಮ್ಮ ಮನೆಯ ಒಂದು ವಿಷಯ ತಗೊಂಡು ನಾಲ್ಕು ಪುಟದ ಕಾಮಿಕ್ಸ್ ಮಾಡಿ. ಹೇಳೋಕೆ ನಾಚಿಕೆಯಾಗುವಂಥದ್ದು ಇದ್ದರೆ ಅದನ್ನೇ ತಗೊಳ್ಳಿ. ಚೆನ್ನಾಗಿದ್ದದ್ದನ್ನ ಪೋಷಕರ ದಿನ ಕಾರಿಡಾರಿನ ಗೋಡೆಗೆ ಹಾಕ್ತೀನಿ."

ಮಗಳು ಪೆನ್ಸಿಲಿನಲ್ಲಿ ಗೀಚಿ ತೋರಿಸಿದಾಗ ಅಧ್ಯಾಪಕಿ ಎದ್ದೇ ನಿಂತರು. "ಇದು ಮಧ್ಯದ ಗೋಡೆಗೆ" ಎಂದರು. ಕಥೆ ಇಷ್ಟೇ: ಒಬ್ಬ ಹೆಂಗಸು ಇಡೀ ದಿನ ಕನ್ನಡಕ ಹುಡುಕುತ್ತಾಳೆ. ಡ್ರಾಯರಿನಲ್ಲಿ, ಅಕ್ಕಿ ಡಬ್ಬಿಯಲ್ಲಿ, ತನ್ನ ತಲೆಯ ಮೇಲೆಯೇ ಇದ್ದರೂ ಹುಡುಕುತ್ತಾಳೆ. ಪಕ್ಕದಲ್ಲಿ ಬಾಯಿ ಬಾವಿಯಷ್ಟು ಅಗಲ ಇರುವ ಒಬ್ಬ ಮುದುಕಿ ಪೇಪರು ಓದುತ್ತ ಕಿರುಚುತ್ತಾಳೆ. ಮೂರನೆಯ ಪುಟದಲ್ಲಿ ಪುಟ್ಟ ಹುಡುಗಿ ಶಾಲೆಯಿಂದ ಒಂದು ಕಾಗದ ತರುತ್ತಾಳೆ, "ಪ್ರವಾಸಕ್ಕೆ ಸಹಿ ಮಾಡಮ್ಮ" ಎನ್ನುತ್ತಾಳೆ, ಹೆಂಗಸು ಹೂವಿನ ಹಾಗೊಂದು ಸಹಿ ಮಾಡುತ್ತಾಳೆ. ಕಾಗದದಲ್ಲಿದ್ದದ್ದು ಬೇರೆ. ನಾಲ್ಕನೆಯ ಪುಟದಲ್ಲಿ ಹುಡುಗಿ ಜಾಣೆಯ ಹಾಗೆ ನಗುತ್ತ ಓಡುತ್ತಾಳೆ. ನೋಡಿದವರಿಗೆ ನಗು ಬರುವಂತೆಯೇ ಬರೆದಿದ್ದಳು.

ಶನಿವಾರ ಮಧ್ಯಾಹ್ನ ಶಾಯಿ ಹಚ್ಚಿ, ನಾಲ್ಕೂ ಪುಟವನ್ನು ಒಣಗಲೆಂದು ಊಟದ ಮೇಜಿನ ಮೇಲೆ ಹರಡಿ, ಪಾತ್ರೆ ತೊಳೆಯಲು ನಿಂತಳು. ಆ ಮನೆಯಲ್ಲಿ ಕಾಗದ ಬಚ್ಚಿಡುವ ಅಭ್ಯಾಸ ಅವಳಿಗೆ ಇರಲೇ ಇಲ್ಲ. ಅವಳ ನೋಟ್‌ಬುಕ್ಕು, ಡೈರಿ, ಗೆಳತಿಯರ ಚೀಟಿ ಎಲ್ಲ ಮನೆ ತುಂಬ ಬಿದ್ದಿರುತ್ತಿದ್ದವು. ಅಮ್ಮನ ಕಣ್ಣಿಗೆ ಬಿದ್ದರೆ ಏನಾಯಿತು ಎಂದು ಎಷ್ಟೋ ವರ್ಷದಿಂದ ಹಾಗೇ ಬದುಕಿದವಳಿಗೆ, ಈ ಸಲ ತಾನು ಬರೆದದ್ದು ಚಿತ್ರದಲ್ಲಿ ಎಂಬುದು ಹೊಳೆಯಲೇ ಇಲ್ಲ.

ಅಮ್ಮ ಬೇಗ ಬಂದಳು. ಮಗಳ ಬೆನ್ನ ಹಿಂದೆ ಅವಳ ದನಿ ಕೇಳಿಸಿತು.

"ಓ, ಈ ವಾರದ್ದು ಬಿಡಿ ಬಿಡಿ ಹಾಳೆ! ಅತ್ತೆ, ಬನ್ನಿ ನೋಡಿ, ಇದು ತಮಾಷೆಯಾಗಿದೆ."

ಮಗಳ ಕೈಯಲ್ಲಿ ಸೋಪು ಹಚ್ಚಿದ ತಟ್ಟೆ ಇತ್ತು. ತಿರುಗಬೇಕು ಅಂದುಕೊಂಡಳು. ತೊಳೆದ ಜಾಗವನ್ನೇ ಮತ್ತೆ ಉಜ್ಜಿದಳು.

"ಈ ಹೆಂಗಸು ಏನೋ ಹುಡುಕ್ತಾ ಇದ್ದಾಳೆ. ಡಬ್ಬಿಯಲ್ಲಿ ಇಲ್ಲ. ಮಂಚದ ಕೆಳಗಿಲ್ಲ. ಅಯ್ಯೋ, ತಲೆ ಮೇಲೇ ಇದೆಯಲ್ಲೇ ತಾಯಿ!" ಅಮ್ಮ ಜೋರಾಗಿ ನಕ್ಕಳು. "ಪಾಪ. ಬೇಕು ಅಂತಲೇ ಹುಡುಕ್ತಾ ಇದ್ದಾಳೆ ಅತ್ತೆ, ಸಿಗಬಾರದು ಅಂತ. ಕಣ್ಣು ನೋಡಿ. ಇವಳಿಗೆ ಏನೋ ಭಯ ಇದೆ."

ಹಾಳೆ ಸರಿದ ಸದ್ದಾಯಿತು.

"ಇಲ್ಲೊಂದು ಮಗು ಬಂತು. ಕಾಗದ ತಂದಿದೆ. ಸಹಿ..."

ಅಲ್ಲಿಗೆ ನಿಂತಿತು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅಮ್ಮ ಸಹಿ ಮಾಡುತ್ತಿದ್ದದ್ದು ಹೂವಿನ ಹಾಗೇ, ಐದು ದಳ, ಒಂದು ಬಾಲ. ಅದನ್ನು ಅವಳು ಬೇರೆ ಎಲ್ಲೂ ನೋಡಿರಲು ಸಾಧ್ಯವಿರಲಿಲ್ಲ.

ಅಮ್ಮ ನಾಲ್ಕೂ ಹಾಳೆಯನ್ನು ಅಂಚು ಸೇರಿಸಿ, ಮಸಿ ಹತ್ತದ ಹಾಗೆ ನಡುವೆ ಪೇಪರು ಇಟ್ಟು, ಬದಿಗಿಟ್ಟಳು. "ನಲ್ಲಿ ನಿಲ್ಲಿಸು, ನೀರು ದಂಡ" ಎಂದಳು ಮಗಳಿಗೆ. ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿ ಈರುಳ್ಳಿ ಹೆಚ್ಚಲು ಕೂತಳು.

ಮಗಳು ನಲ್ಲಿ ನಿಲ್ಲಿಸಿದಳು.

ಆ ಸಂಜೆ ಊಟಕ್ಕೆ ಎಲ್ಲರೂ ಕೂತರು. ಅಪ್ಪ ಎರಡು ಸಲ ತಮಾಷೆಗೆ ಹೊರಟು, ಹೆಂಡತಿಯ ಮುಖ ನೋಡಿ, ಬ್ರೆಡ್ಡು ಬಾಯಿಗೆ ತುರುಕಿಕೊಂಡ. ಅಮ್ಮ ಎದ್ದು ಹಿತ್ತಲಿಗೆ ಹೋದ ಕೂಡಲೇ ಅಜ್ಜಿ ಚಮಚ ಕೆಳಗಿಟ್ಟಳು.

"ನನ್ನ ಬಾಯಿ ಅಷ್ಟು ಅಗಲ ಬರೆದಿದ್ದೀಯಲ್ಲ, ಬರಿ. ನಂಗೇನೂ ಬೇಜಾರಿಲ್ಲ. ಒಂದು ಮಾತು ಕೇಳ್ತೀನಿ. ಇಪ್ಪತ್ತು ವರ್ಷದಿಂದ ನಾನು ದಿನಾ ಪೇಪರು ಗಟ್ಟಿಯಾಗಿ ಯಾಕೆ ಓದ್ತೀನಿ ಅಂದ್ಕೊಂಡಿದ್ದೀಯ?"

ಮಗಳು ಬ್ರೆಡ್ಡಿನ ಚೂರನ್ನು ತಟ್ಟೆಯ ಅಂಚಿಗೆ ತಳ್ಳಿದಳು.

"ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಪೇಪರು ತಲೆಕೆಳಗು ಹಿಡ್ಕೊಂಡು ಕೂತಿದ್ದಳು. ನಾನು ನೋಡಿದೆ. ನೋಡಿದೆ ಅಂತ ಅವಳಿಗೆ ಗೊತ್ತಾಗಬಾರದು ಅಂತ, 'ನಂಗೆ ಗಟ್ಟಿಯಾಗಿ ಓದಿದರೇ ತಲೆಗೆ ಹೋಗೋದು' ಅಂದೆ. ಕಲಿಸೋಕೂ ಹೋದೆ. 'ಈಗ ಬೇಡ ಅತ್ತೆ' ಅಂದಳು. ಬಲವಂತ ಮಾಡಲಿಲ್ಲ. ನಾವು ಇಷ್ಟು ವರ್ಷ ಮುಚ್ಚಿಟ್ಟದ್ದನ್ನ ನೀನು ಗೋಡೆಗೆ ಅಂಟಿಸೋಕೆ ಹೊರಟಿದ್ದೀಯ. ಅದೂ ನಗೋ ಹಾಗೆ!"

"ಹರಿದುಹಾಕ್ತೀನಿ ಅಜ್ಜಿ."

"ಹರಿ. ಅವಳು ನೋಡಿದ್ದನ್ನ ಹೇಗೆ ಹರೀತೀಯ?"

ಅಪ್ಪ ಮೆಲ್ಲನೆ, "ಸಾಕು ಬಿಡಮ್ಮ" ಎಂದ. ಆದರೆ ಮಗಳ ಕಡೆ ಅವನೂ ನೋಡಲಿಲ್ಲ. ಪಂಡಿತೆ ಎಂದು ಆ ವಾರವಿಡೀ ಕರೆಯಲಿಲ್ಲ.

ಅಮ್ಮ ಜಗಳವಾಡಲಿಲ್ಲ, ಅದೇ ಕಷ್ಟ. ಡಬ್ಬಿ ಕಟ್ಟಿ ಕೊಟ್ಟಳು, ಕಾಲೇಜಿನ ಅಂಗಿಗೆ ಇಸ್ತ್ರಿ ಹಾಕಿದಳು. ಪುಸ್ತಕ ಮುಂದಿಟ್ಟರೆ "ಕೈ ಒದ್ದೆ ಇದೆ" ಅನ್ನುತ್ತಿದ್ದಳು. ಬುಧವಾರ ಸಂಜೆ ಇಬ್ಬರೂ ಹಾಸಿಗೆಯ ಹೊದಿಕೆಯ ಎರಡು ತುದಿ ಹಿಡಿದು ಮಡಿಸುತ್ತಿದ್ದಾಗ, ತುದಿಗೆ ತುದಿ ಸೇರಿಸಲು ಹತ್ತಿರ ಬಂದ ಅಮ್ಮ ಕೇಳಿದಳು.

"ಆ ಕಾಗದದಲ್ಲಿ ಏನಿತ್ತು?"

"ಪರೀಕ್ಷೆಯಲ್ಲಿ ನಕಲು ಮಾಡಿದ್ದೆ. ನಿನಗೆ ಶಾಲೆಗೆ ಬಂದು ಕಾಣೋಕೆ ಹೇಳಿದ್ರು. 'ಕಾಗದ ನೋಡಿದ್ದೀನಿ, ಬರೋಕಾಗಲ್ಲ' ಅಂತ ನಾನೇ ಬರೆದು ನಿನ್ನ ಸಹಿ ಹಾಕಿಸಿದೆ."

"ಪ್ರವಾಸ ಇರಲಿಲ್ಲ."

"ಇರಲಿಲ್ಲ."

"ನಾನು ದಾರಿಗೆ ಅಂತ ಆರು ಮೊಟ್ಟೆ ಬೇಯಿಸಿ ಕೊಟ್ಟಿದ್ದೆ. ಗೆಳತಿಯರಿಗೂ ಕೊಡು ಅಂತ."

"ಶಾಲೆಯ ಗೋಡೆ ಹಿಂದೆ ಕೂತು ಒಬ್ಬಳೇ ತಿಂದೆ. ಆರೂ. ವಾಪಸು ತಂದ್ರೆ ನಿನಗೆ ಗೊತ್ತಾಗುತ್ತೆ ಅಂತ."

ಅಮ್ಮ ಹೊದಿಕೆಯನ್ನು ಇನ್ನೊಂದು ಮಡಿಕೆ ಮಡಿಸಿದಳು. "ಎಲ್ಲರಿಗೂ ಗೊತ್ತಿತ್ತು. ನಿಮ್ಮಪ್ಪನಿಗೆ ಗೊತ್ತು, ನಿಮ್ಮಜ್ಜಿಗೆ ಗೊತ್ತು ಅಂತ ನನಗೂ ಗೊತ್ತು. ನಾನು ಬಚ್ಚಿಡ್ತಾ ಇದ್ದದ್ದು ಒಬ್ಬಳಿಂದಲೇ. ಆ ಕನ್ನಡಕ ತಗೊಂಡದ್ದೇ ನೀನು ಶಾಲೆಗೆ ಸೇರಿದ ವರ್ಷ."

ಹೊದಿಕೆಯನ್ನು ಕಪಾಟಿನಲ್ಲಿಟ್ಟು ಅವಳು ಒಲೆಯ ಕಡೆ ಹೋದಳು.

ಮರುದಿನ ಮಗಳು ಅಧ್ಯಾಪಕಿಯ ಕೋಣೆಗೆ ಹೋಗಿ, ತನ್ನ ಕಾಮಿಕ್ಸ್ ಗೋಡೆಗೆ ಬೇಡ ಎಂದಳು. ಕಾರಣ ಕೇಳಿದರು. ಒಂದು ಹೇಳಲು ಹೋಗಿ ಎಲ್ಲವೂ ಬಾಯಿಗೆ ಬಂತು: ಕೋಟು ತಾನು ಕಂಡದ್ದಲ್ಲ, ಮೊಳೆ ತಾನು ಕಂಡದ್ದಲ್ಲ, ಬಿಳೀ ಅಂಗಿ, ಒಂದೇ ತಟ್ಟೆ, ಯಾವುದೂ ಅಲ್ಲ. ಕಂಡವಳಿಗೆ ಓದಲು ಬರುವುದಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು.

ಅಧ್ಯಾಪಕಿ ಕರವಸ್ತ್ರ ಕೊಡಲಿಲ್ಲ. ನೋಟ್‌ಬುಕ್ಕನ್ನು ಮುಂದೆ ತಳ್ಳಿದರು. "ಎಂಟು ಪ್ರತಿಕ್ರಿಯೆ ಇದೆ. ನಿನ್ನದು ಎಷ್ಟು?"

"ಎರಡು, ಮೇಡಂ."

"ಯಾವುದು?"

ಅವಳು ತೋರಿಸಿದಳು. ಎರಡಕ್ಕೂ ಕೆಂಪು ಶಾಯಿಯಲ್ಲಿ "ಇನ್ನೊಂದು ಸಲ ಓದು" ಎಂದು ಬರೆದಿತ್ತು. ಅಧ್ಯಾಪಕಿಗೆ ನಗು ಬಂದಿರಬೇಕು, ತಡೆದುಕೊಂಡರು.

"ಆರಕ್ಕೆ ಅಂಕ ಇಲ್ಲ. ಗೋಡೆಗೆ ಹಾಕೋದು ಬಿಡೋದು ನನ್ನ ಕೈಲಿಲ್ಲ, ನಿನ್ನ ಕೈಲೂ ಇಲ್ಲ. ಯಾರ ಮುಖ ಬರೆದಿದ್ದೀಯೋ ಅವರನ್ನ ಕೇಳು. ಕೇಳೋ ಮುಂಚೆ ಈ ಆರನ್ನ ಅವರಿಗೆ ಓದಿ ಹೇಳು."

ಸಂಜೆ ಅಮ್ಮ ಲಾಂಡ್ರಿಯಿಂದ ಬಂದು ಏಪ್ರನ್ನು ಬಿಚ್ಚುವ ಮುಂಚೆಯೇ ಮಗಳು ನೋಟ್‌ಬುಕ್ಕು ಹಿಡಿದು ಮುಂದೆ ನಿಂತಳು. "ಅಮ್ಮ, ನಾನು ನಿನ್ನ ಮಾತು ಕದ್ದಿದ್ದೀನಿ. ಓದ್ತೀನಿ, ಕೇಳು."

ಅಜ್ಜಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಮಗಳು ಓದಿದಳು. ಮೊದಲ ಎರಡು ಸಾಲಿಗೆ ತಡವರಿಸಿದಳು. "ಕೋಟು ಇಲ್ಲಿ ಕೇವಲ ವಸ್ತ್ರವಲ್ಲ, ವರ್ಗದ ಸಂಕೇತ..."

"ನಾನು ಹಾಗೆಲ್ಲ ಹೇಳಲಿಲ್ಲ" ಎಂದಳು ಅಮ್ಮ.

"ಅದು ನಾನು ಸೇರಿಸಿದ್ದು."

"ಚೆನ್ನಾಗಿಲ್ಲ. ಮೀನಿನ ವಾಸನೆ ಅಂತ ಹೇಳೋಕೇನು ಕಷ್ಟ?"

ಅಜ್ಜಿ ಕಿಸಕ್ಕನೆ ನಕ್ಕಳು, ಆಮೇಲೆ ಕೆಮ್ಮಿದಳು. ಆರೂ ಓದಿ ಮುಗಿಯುವ ಹೊತ್ತಿಗೆ ಅಪ್ಪ ಡಿಪೋದಿಂದ ಬಂದು ಬಾಗಿಲಲ್ಲೇ ನಿಂತಿದ್ದ. ತಾನು ಹೇಳಿದ ಮಾತು ಕಾಗದದ ಮೇಲಿತ್ತು ಎಂಬುದು ಅಮ್ಮನಿಗೆ ಸಂತೋಷವೋ ಸಂಕಟವೋ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಆಮೇಲೆ, "ಆ ನಾಲ್ಕು ಹಾಳೆ ತಗೊಂಡು ಬಾ" ಎಂದಳು.

ಮೇಜಿನ ಮೇಲೆ ಹರಡಿಸಿಕೊಂಡು ಈ ಸಲ ನಿಧಾನವಾಗಿ ನೋಡಿದಳು. ಮೂರನೆಯ ಪುಟದ ಕೊನೆಯ ಚೌಕಕ್ಕೂ ನಾಲ್ಕನೆಯ ಪುಟದ ಮೊದಲ ಚೌಕಕ್ಕೂ ನಡುವೆ ಬೆರಳಿಟ್ಟಳು.

"ಇಲ್ಲಿ ಮೊಟ್ಟೆ ಇತ್ತು. ಯಾಕೆ ಬರೀಲಿಲ್ಲ?"

ಮಗಳು ಆ ಬಿಳಿ ಜಾಗವನ್ನೇ ನೋಡಿದಳು.

"ನನ್ನ ನಾಚಿಕೆ ಎಲ್ಲ ಬರೆದಿದ್ದೀಯ, ಚೆನ್ನಾಗೇ ಬರೆದಿದ್ದೀಯ. ನಂದು ನಾನು ತಡ್ಕೋತೀನಿ. ಇಷ್ಟು ವರ್ಷ ಹುಡುಕಿ ಹುಡುಕಿ ನನಗೂ ಸಾಕಾಗಿದೆ. ನಿಂದು ಎಲ್ಲಿ? ಅದನ್ನೂ ಬರಿ, ಆಮೇಲೆ ಯಾವ ಗೋಡೆಗೆ ಬೇಕಾದರೂ ಹಾಕು."

"ಲಾಂಡ್ರಿಯವರಿಗೆಲ್ಲ ಗೊತ್ತಾಗುತ್ತಮ್ಮ."

"ಆಗಲಿ. ಬಿಲ್ಲು ಬರಿ ಅಂತ ಮೂರನೇ ಸಲ ಕರೆಯೋಲ್ಲ, ಅಷ್ಟೇ ತಾನೇ."

ಐದನೆಯ ಪುಟ ಬರೆಯಲು ಅವಳಿಗೆ ಎರಡು ದಿನ ಹಿಡಿಯಿತು. ಇಡೀ ಪುಟಕ್ಕೆ ಒಂದೇ ಚೌಕ. ಗೋಡೆ, ಗೋಡೆಯ ಹಿಂದೆ ಒಬ್ಬ ಹುಡುಗಿ, ಮಡಿಲಲ್ಲಿ ಡಬ್ಬಿ, ಸುತ್ತ ಮೊಟ್ಟೆಯ ಸಿಪ್ಪೆ, ಬಾಯಿ ತುಂಬಿದೆ, ಕಣ್ಣು ದಾರಿಯ ಕಡೆ. ಮುಖ ಸರಿಹೋಗಲಿಲ್ಲ. ಸ್ವಲ್ಪ ಮುದ್ದಾಗಿ ಬರೆದರೆ ಸುಳ್ಳಾಗುತ್ತಿತ್ತು. ಅಳಿಸಿ ಅಳಿಸಿ ಕಾಗದವೇ ತೆಳ್ಳಗಾಯಿತು. ಕೊನೆಗೆ ಇದ್ದ ಹಾಗೆ ಬರೆದಳು. ಪೋಷಕರ ದಿನದ ಬೆಳಗ್ಗೆ ಅಮ್ಮನ ಮುಂದಿಟ್ಟಳು. ಅಮ್ಮ ಬಹಳ ಹೊತ್ತು ನೋಡಿದಳು. ಏಪ್ರನ್ನಿನ ಜೇಬಿನಿಂದ ಕೆಂಪು ಪೆನ್ನು ತೆಗೆದು, ಪುಟದ ಕೆಳಗಿನ ಮೂಲೆಯಲ್ಲಿ ಒಂದು ಗುರುತು ಹಾಕಿದಳು. ಮುಚ್ಚಳ ಹಾಕಿ ಪೆನ್ನನ್ನು ಜೇಬಿಗಿಟ್ಟುಕೊಂಡಳು. ಮಗಳು ಗುರುತು ನೋಡಿದಳು. ಅರ್ಥ ಕೇಳುವ ಅಗತ್ಯವಿರಲಿಲ್ಲ.

ಮಧ್ಯಾಹ್ನ ಕಾರಿಡಾರಿನಲ್ಲಿ ಜನ ತುಂಬಿತ್ತು. ಮಧ್ಯದ ಗೋಡೆಯ ಮುಂದೆ ನಿಂತವರು ಮೊದಲ ಪುಟಕ್ಕೆ ನಗುತ್ತಿದ್ದರು, ಐದನೆಯದಕ್ಕೆ ಬರುವಷ್ಟರಲ್ಲಿ ಸುಮ್ಮನಾಗುತ್ತಿದ್ದರು. ಲಾಂಡ್ರಿಯ ಯಜಮಾನಿಯೂ ಬಂದಿದ್ದಳು, ಅವಳ ಮಗನೂ ಅದೇ ಕಾಲೇಜು. ಸಹಿಯ ಚೌಕದ ಮುಂದೆ ನಿಂತವಳು ಕದಲಲೇ ಇಲ್ಲ. ಅಪ್ಪ ಯೂನಿಫಾರ್ಮಿನಲ್ಲೇ ಬಂದಿದ್ದ. ಅಜ್ಜಿ ತನ್ನ ಬಾಯಿಯ ಅಳತೆ ಸರಿಯಿಲ್ಲವೆಂದು ಗುರುತು ಪರಿಚಯವಿಲ್ಲದವರಿಗೆಲ್ಲ ಹೇಳುತ್ತಿದ್ದಳು. ಅಮ್ಮ ಗೇಟಿನ ತನಕವಲ್ಲ, ಒಳಗೇ ಬಂದಿದ್ದಳು, ಸೋಪಿನ ವಾಸನೆಯ ಸಮೇತ. ಕನ್ನಡಕ ಮನೆಯ ಡ್ರಾಯರಿನಲ್ಲಿತ್ತು.

ಅಧ್ಯಾಪಕಿ ಐದನೆಯ ಪುಟಕ್ಕೆ ಬಗ್ಗಿದರು. "ಈ ಮೂಲೆಯಲ್ಲಿ ಕೆಂಪಗೆ ಏನಿದು? ಸುತ್ತು, ಒಳಗೆ ಗೆರೆ. ಯಾರು ಹಾಕಿದ್ದು?"

"ನಾನು" ಎಂದಳು ಅಮ್ಮ.

"ಏನಂತ ಅರ್ಥ?"

ಯಜಮಾನಿಗೆ ಅರ್ಥ ಗೊತ್ತಿತ್ತು. ಅವಳು ಬಾಯಿ ತೆರೆದಳು. ಅಮ್ಮ ಕೈ ಅಡ್ಡ ತಂದು ತಡೆದಳು. ಮಗಳ ಕಡೆ ತಿರುಗಿದಳು.

"ಇವಳಿಗೆ ಓದೋಕೆ ಬರುತ್ತೆ, ಇವಳನ್ನ ಕೇಳಿ" ಎಂದಳು. "ಓದು."

ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಮಗಳು ಗೋಡೆಯ ಹತ್ತಿರ ಹೋಗಿ, ಬೆರಳಿಟ್ಟು, ಅಜ್ಜಿ ಪೇಪರು ಓದುವ ಹಾಗೆ ಗಟ್ಟಿಯಾಗಿ ಓದಿದಳು.

"ತೊಳೆದಾಯಿತು. ಕಲೆ ಹೋಗಿಲ್ಲ."